ಜಟಕಾದಲ್ಲಿ ಬಂದ ಕ್ರಿಸ್‌ಮಸ್ ತಾತ

ಕ್ಯಾಂಪ್‌ಬೆಲ್, ಕ್ಯಾಲಿಫೋರ್ನಿಯಾ
೧೯ ಡಿಸೆಂಬರ್ ೧೯೯೯

ಪ್ರೀತಿಯ ಗುರುಕಿರಣ,

ಬೆನ್ನುನೋವು ಹೇಗಿದೆ? ಮೈಸೂರಿನ ಚಳಿಯಲ್ಲಿ ಬೆಳಿಗ್ಗೆಯೇ ಸ್ಕೂಟರ್ ಏರಬೇಡ ಎಂದರೆ ನೀನು ಕೇಳುವವನಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ತಂಗಿ ಸಿಂಧು ಕ್ಷೇಮ. ಅಳಿಯ ಸಾಗರ್ ಮಾತ್ರ ಸ್ನಾನಕ್ಕಷ್ಟೇ ಮನೆಗೆ ಬರುತ್ತಾನೆ. ಹೊಸ ವರ್ಷ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಅವನ ಆಫೀಸಿನಲ್ಲಿ ಗಾಬರಿ. ನಿನ್ನ ಅಮ್ಮನ ವಿಷಯ ಫೋನಿನಲ್ಲಿ ಹೇಳಲಾರೆ, ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಅದಕ್ಕೇ ಈ ಕಾಗದ.

ಸಿಂಧುವಿನ ಮಗಳು ನಿಸರ್ಗಾಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟು ಕೊಟ್ಟಿದ್ದರು. ಕ್ರಿಸ್‌ಮಸ್ ತಾತ ಜಿಂಕೆಗಳ ಗಾಡಿಯಲ್ಲಿ ಬಂದು ಉಡುಗೊರೆ ಇಟ್ಟುಹೋಗುವ ಆ ಹಳೆಯ ಪದ್ಯ ನೆನಪಿದೆಯಲ್ಲ, ಅಮ್ಮ ಕಾನ್ವೆಂಟಿನಲ್ಲಿ ಪ್ರತಿ ಡಿಸೆಂಬರಿನಲ್ಲೂ ಬಾಯಿಪಾಠ ಮಾಡಿಸುತ್ತಿದ್ದದ್ದು? ಅದು ಹುಟ್ಟಿದ ಕಥೆ ಹುಡುಕಿ, ಚಿತ್ರವನ್ನೂ ಬರೆಯಬೇಕಿತ್ತು. ನಿಸರ್ಗಾ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬಂದು ಊಟದ ಹೊತ್ತಿಗೆ ಒಪ್ಪಿಸಿದಳು: ಪದ್ಯ ಮೊದಲು ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾಯಿತಂತೆ, ಯಾರೋ ಒಬ್ಬ ಅಪ್ಪ ತನ್ನ ಮಕ್ಕಳಿಗೆಂದು ಬರೆದದ್ದಂತೆ, ಯಾರ ಅಪ್ಪ ಎಂದು ಈಗಲೂ ಜಗಳವಂತೆ. ಈಚೆಗೆ ಮಾತೇ ಕಡಿಮೆಯಾಗಿದ್ದ ನಿನ್ನ ಅಮ್ಮ ತಟ್ಟೆಯಿಂದ ಕೈ ತೆಗೆದು, ಇಡೀ ಪದ್ಯವನ್ನು ಒಂದೂ ತಪ್ಪಿಲ್ಲದೆ ಹೇಳಿದಳು. ನಾವು ಚಪ್ಪಾಳೆ ತಟ್ಟಿದೆವು, ಸಿಂಧು ಅತ್ತೇಬಿಟ್ಟಳು. ಆಗ ಅಮ್ಮ, “ಇದನ್ನ ಬರೆದದ್ದು ನಮ್ಮಪ್ಪ,” ಅಂದಳು.

ನಿನ್ನ ಅಜ್ಜ ಮೈಸೂರು ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದವರು, ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ನಿಸರ್ಗಾ ನಕ್ಕು, “ನೋ ಅಜ್ಜಿ, ದಟ್ಸ್ ನಾಟ್ ಟ್ರೂ!” ಅಂದಳು. “ನಿಂಗೇನೇ ಗೊತ್ತು? ಬರೀವಾಗ ನಾನು ಪಕ್ಕದಲ್ಲೇ ಕೂತಿದ್ದೆ!” ಎಂದು ಕೂಗಿದ ಅಮ್ಮ, ಮಗು ಬರೆದಿದ್ದ ಚಿತ್ರವನ್ನು, ಆ ದಪ್ಪ ತಾತನನ್ನೂ ಜಿಂಕೆಗಳನ್ನೂ, ಹರಿದುಹಾಕಿದಳು. ಜೀವಮಾನವೆಲ್ಲ ಮಕ್ಕಳ ಚಿತ್ರಗಳನ್ನು ಗೋಡೆಗೆ ಅಂಟಿಸಿದ ಕೈ, ಗುರು.

ನಿಸರ್ಗಾ ಕೆಲವು ದಿನ ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಆಮೇಲೆ ತಾನಾಗಿಯೇ ಬಣ್ಣದ ಪೆನ್ಸಿಲು ಹಿಡಿದು ಬಂದು, “ಅಜ್ಜಿ, ಯುವರ್ ಅಪ್ಪ ಹೇಗಿದ್ರು?” ಎಂದು ಕೇಳಿದಳು. ಅಮ್ಮ ಹೇಳುತ್ತಾ ಹೋದಳು: ಖಾಕಿ ಕೋಟು, ಕೊರಳಿಗೆ ಸುತ್ತಿದ ಕೆಂಪು ವಸ್ತ್ರ, ಒಂದು ಕಿವಿ ಸೀಳಿದ್ದ ಬಿಳಿ ಕುದುರೆ. ಮಗು ಹಾಗೆಯೇ ಬರೆದಳು. ಹಿಮ ಬಿದ್ದ ಮನೆಗಳ ಮೇಲೆ ನಿನ್ನ ಅಜ್ಜ ಜಟಕಾ ಹೊಡೆದುಕೊಂಡು ಬರುತ್ತಿದ್ದರು. ಕೆಳಗೆ ಇಂಗ್ಲಿಷಿನಲ್ಲಿ, ಈ ಪದ್ಯ ಬರೆದವರು ಯಾರೆಂದು ಜನ ಜಗಳವಾಡುತ್ತಾರೆ, ನಮ್ಮ ಅಜ್ಜಿ ತನ್ನ ಅಪ್ಪ ಅನ್ನುತ್ತಾಳೆ, ಎಂದು ಸೇರಿಸಿದಳು.

ಶುಕ್ರವಾರ ಶಾಲೆಗೆ ನಮ್ಮನ್ನೂ ಕರೆದಿದ್ದರು. ಟೀಚರು ಆ ಚಿತ್ರವನ್ನು ಬಾಗಿಲ ಎದುರಿಗೇ ಅಂಟಿಸಿದ್ದರು. ನಿಸರ್ಗಾ ಅಜ್ಜಿಯ ಕೈ ಎಳೆದುಕೊಂಡು ಹೋಗಿ ಮುಂದೆ ನಿಲ್ಲಿಸಿದಳು. ಅಮ್ಮ ಬಹಳ ಹೊತ್ತು ನೋಡಿ, “ಚೆನ್ನಾಗಿದೆ. ಯಾರೇ ಪುಟ್ಟಿ ಇದು?” ಅಂದಳು. ಮಗುವಿನ ಮುಖ ನೋಡಲು ನನ್ನಿಂದಾಗಲಿಲ್ಲ. “ಇಟ್ಸ್ ಓಕೆ ಅಜ್ಜಿ. ಹಾರ್ಸ್ ನೋಡಿ,” ಎಂದು ನಿಸರ್ಗಾ ಕುದುರೆಯ ಕಿವಿ ತೋರಿಸಿದಳು. ವಾಪಸು ಬರುವಾಗ ಕಾರಿನಲ್ಲಿ ಅಮ್ಮ ನನ್ನ ತೋಳು ಹಿಡಿದು, “ಅಪ್ಪಾ, ಚಳಿ ಆಗ್ತಿದೆ,” ಅಂದಳು. ನನ್ನ ಸ್ವೆಟರು ಬಿಚ್ಚಿ ಹೊದಿಸಿದೆ. ತಿದ್ದಲು ಹೋಗಲಿಲ್ಲ.

ನೀನೂ ನಿನ್ನ ಹೆಂಡತಿ ನಿರುಪಮಾಳೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಪ್ಪ,
ಶಿವರಾಮು

ತಾ.ಕ.: ಹೋದ ಭಾನುವಾರ ನೀನು ಮಾಡಿದ ಫೋನು ಕಟ್ಟಾದದ್ದು ಲೈನು ಕೆಟ್ಟಿದ್ದರಿಂದಲ್ಲ. “ಯಾರೋ ಪಾಪ, ಅಮ್ಮಾ ಅಮ್ಮಾ ಅಂತಿದಾರೆ, ರಾಂಗ್ ನಂಬರು,” ಎಂದು ಅವಳೇ ಇಟ್ಟುಬಿಟ್ಟಳು. ಈ ಕಾಗದ ತಲುಪಿದ ಕೂಡಲೇ ವೀಸಾಕ್ಕೆ ಹಾಕು. ಬಂದಮೇಲೆ ನಾನ್ಯಾರು ಹೇಳು ಎಂದು ಅವಳನ್ನು ಕೇಳಬೇಡ ಮಗನೇ, ಸುಮ್ಮನೆ ಪಕ್ಕದಲ್ಲಿ ಕೂತುಕೋ.