ಝಂಝಂ ಬಾಟ್ಲಿ

22-9-2008, ಸಂಜೆ
ಅಕ್ಕಿಯ ಪತ್ತಿರ್ ರೊಟ್ಟಿ ಸುಟ್ಟಾಯ್ತು. ಕ್ಯಾರಿಯರ್ ಕಟ್ಟಿ ಮಸೀದಿಗೆ ಕಳಿಸಿದೆ. ಮಗ ರಮೀಝ್ ಇವತ್ತು ಇಹ್ತಿಕಾಫ್ ಕೂತ. ರಂಜಾನಿನ ಕೊನೆಯ ಹತ್ತು ದಿನ ಮಸೀದಿ ಬಿಟ್ಟು ಬರುವಂತಿಲ್ಲ. ಹರಕೆ ನನ್ನದು — ಸೌದಿಯ ದಮ್ಮಾಮಿನಲ್ಲಿ ನಮ್ಮ ಯಜಮಾನರಿಗೆ, ಅವನ ಉಪ್ಪನಿಗೆ, ಹಾರ್ಟ್ ಆಪರೇಷನ್ ಆದಾಗ ಹೊತ್ತದ್ದು. ಅವರು ಉಳಿದರು. ಹತ್ತನೇ ಕ್ಲಾಸು, ಪಾಠ ಹೋಗುತ್ತದೆ ಅಂತ ಹೆದರಿಕೆ. ವಾರಿಜಾಕ್ಷಿ ಟೀಚರಿಗೆ ಫೋನ್ ಮಾಡಿದೆ. "ಆಗ್ಲಿ ಜುಲೈಕಾ, ಅವನ ಬೆಂಚಿನ ನಿತೇಶನ ಕೈಲಿ ನೋಟ್ಸ್ ಕಳಿಸ್ತೇನೆ" ಅಂದರು.

2-10-2008
ಹಬ್ಬ. ನಿತೇಶ್ ಎರಡು ಪ್ಲೇಟ್ ಬಿರಿಯಾನಿ ತಿಂದ. ರಮೀಝನ ಗಲ್ಲದಲ್ಲಿ ನಾಲ್ಕು ಕೂದಲು. "ಮಸೀದಿಯ ಉಸ್ತಾದರು ಬಂದ್ರಲ್ಲ" ಅಂತ ತಮಾಷೆ ಮಾಡಿದೆ. ನಾಚಿಕೊಂಡ.

23-10-2008
ಹಬ್ಬದ ನಂತರದ ಆರು ಉಪವಾಸದಲ್ಲಿ ಇವತ್ತಿನದು ಮೂರನೆಯದು. ಸ್ಪೆಷಲ್ ಕ್ಲಾಸ್ ಮುಗಿಯುವಾಗ ಮಗ್ರಿಬ್, ಉಪವಾಸ ಬಿಡುವ ಹೊತ್ತು, ಆಗುತ್ತದೆ ಅಂತ ರಮೀಝನ ಬ್ಯಾಗಿನಲ್ಲಿ ಖರ್ಜೂರ ಇಟ್ಟಿದ್ದೆ. ಪಕ್ಕದ ಮನೆಯ ಜೈನಬಮ್ಮ ಹಜ್ಜಿನಿಂದ ತಂದ ಝಂಝಂ ನೀರು, ಸಣ್ಣ ಬಾಟ್ಲಿಯಲ್ಲಿ.

ಮಧ್ಯಾಹ್ನವೇ ಬಂದ. ಚಾಪೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ. ಹಿಂದೆಯೇ ನಿತೇಶ್, ಅಳುತ್ತಾ —
"ಮಫ್ತಿ ಪೊಲೀಸ್ರು ಕ್ಲಾಸಿಗೇ ಬಂದ್ರು ಆಂಟಿ. ಹತ್ತು ದಿನ ಯಾವ ಟ್ರೈನಿಂಗಿಗೆ ಹೋಗಿದ್ದೆ ಅಂತ ಕೇಳಿದ್ರು. ಬ್ಯಾಗ್ ಟೇಬಲ್ ಮೇಲೆ ಸುರಿದ್ರು. ಇದೆಂಥ ನೀರು, ಕುಡಿದು ತೋರ್ಸು ಅಂದ್ರು. ಉಪವಾಸ ಉಂಟು ಸರ್ ಅಂತ ನಾನೂ ಹೇಳಿದೆ. ಕೇಳ್ಲಿಲ್ಲ."
"ಕುಡಿದನಾ?"
ಹೌದು ಅಂತ ತಲೆಯಾಡಿಸಿದ.

ಪವಿತ್ರ ಅಂತ ನಾನೇ ತುಂಬಿಸಿ ಕೊಟ್ಟದ್ದು.

24-10-2008
ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಕುಶಾಲಪ್ಪನವರು ಮುಖ ಎತ್ತಲಿಲ್ಲ. "ಮೇಲಿನಿಂದ ಹೇಳಿದ್ದಮ್ಮ, ಬಾಂಬ್ ಕೇಸಿನ ತನಿಖೆಯಂತೆ. ತುಂಬಾ ದಿನ ಬಾರದ ನಿಮ್ಮವರ ಮಕ್ಕಳು ಯಾರು ಅಂತ ಕೇಳಿದ್ರು, ಹೆಸರು ಹೇಳಿದೆ."
"ಮಸೀದಿಯಲ್ಲಿದ್ದ ಅಂತ ನಿಮಗೆ ಗೊತ್ತಿತ್ತಲ್ಲ ಸರ್?"
"ಅದನ್ನೂ ಹೇಳಿದೆ."
ಒಂದೂ ಸುಳ್ಳಲ್ಲ. ಯಾರನ್ನು ಬೈಯಲಿ...

15-1-2009
ರಮೀಝ್ ಶಾಲೆಗೆ ಹೋಗುವುದಿಲ್ಲ. ಬೈದೆ, ಅತ್ತೆ, ಕಾಲು ಹಿಡಿಯುವುದೊಂದು ಬಾಕಿ. ವಿಟ್ಲದಲ್ಲಿ ಅಶ್ರಫಣ್ಣನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾನೆ. ದಿನಾ ಗಡ್ಡ ಬೋಳಿಸುತ್ತಾನೆ. ಬೋಳಿಸಲಿಕ್ಕೆ ಏನೂ ಇಲ್ಲ, ಆದರೂ. ಪರೀಕ್ಷೆಗಾದರೂ ಕೂರುತ್ತಾನಾ? ಫೋನಿನಲ್ಲಿ ಉಪ್ಪ ಕೇಳಿದರೆ "ಶಾಲೆ ಚೆನ್ನಾಗುಂಟು" ಅನ್ನುತ್ತಾನೆ. ಅವರ ಹಾರ್ಟಿಗೆ ಹೆದರಿ ನಾನೂ ಸುಮ್ಮನೆ.

30-3-2009, ಬೆಳಗ್ಗೆ
ಪರೀಕ್ಷೆ ಇವತ್ತು ಶುರು. ವಾರಿಜಾಕ್ಷಿ ಟೀಚರ್ ರಿಕ್ಷಾ ಮಾಡಿಕೊಂಡು ಮನೆಗೇ ಬಂದರು. "ನಾನು ಜೊತೆಗೇ ಇರ್ತೇನೆ. ಹೋಗುವ ರಮೀಝ್." ಬಾರಲಿಕ್ಕಿಲ್ಲ ಅಂದುಕೊಂಡೆ. ಬಂದ — ಯೂನಿಫಾರ್ಮ್ ಹಾಕಿ. ಬ್ಯಾಗ್ ಇಲ್ಲ. ಕೈಯಲ್ಲಿ ಪೆನ್ನು, ಟೀಚರ್ ಮಾಡಿಸಿ ತಂದ ಹಾಲ್ ಟಿಕೆಟ್. ನೀರು ಬೇಡವಾ ಅಂದೆ. ಬೇಡ ಅಂದ.

ರಿಕ್ಷಾ ಹತ್ತುವ ಮೊದಲು ಟೀಚರೆದುರು ನಿಂತು ಪ್ಯಾಂಟಿನ ಎರಡೂ ಕಿಸೆ ಹೊರಗೆ ತಿರುವಿದ. ಯಾರೂ ಕೇಳಿರಲಿಲ್ಲ. "ಬೇರೆ ಏನಿಲ್ಲ ಟೀಚರ್." ಅವರು ಬಾಯಿಗೆ ಸೆರಗು ಒತ್ತಿಕೊಂಡರು. ನಾನೇ ಹೋಗಿ ಕಿಸೆ ಒಳಗೆ ಹಾಕಿದೆ, ಸಣ್ಣವನಿದ್ದಾಗ ಹಾಕಿದ ಹಾಗೆ. ಅವನು ನನ್ನ ಕೈ ಹಿಡಿದು ತಡೆದ, ಕಿಸೆ ಮತ್ತೆ ಹೊರಗೆ ತಿರುವಿ ಹಾಗೆಯೇ ರಿಕ್ಷಾ ಹತ್ತಿದ.