ಹುಬ್ಬೇರಿಸಿದ ಐದನೇ ತರಗತಿ

ಸಾಮಾರ್ ದ್ವೀಪ
ಮಂಗಳವಾರ, ಮಾರ್ಚ್ 11

ಪ್ರೀತಿಯ ಮೆನ್ಯಾ,

ನಿನಗೂ ನಿನ್ನ ಮನೆಯವರಿಗೂ ಈ ಸಾಲಿಂಗ್‌ಳ ಅಪ್ಪುಗೆ. ನೀನು ದೋಣಿಯಲ್ಲಿ ಕಳಿಸಿದ ಬಿನಾಗೊಲ್ ಬಂದು ಮುಟ್ಟಿತು. ತೆಂಗಿನ ಚಿಪ್ಪಿನ ಬಾಯಿ ತೆರೆದು ಒಂದು ಚಮಚ ಸಿಹಿ ತಿಂದು ಅಲ್ಲಿಗೇ ಬಿಟ್ಟೆ. ಜೊತೆಗಿದ್ದ ಚೀಟಿ ಓದಿದ ಮೇಲೆ ಹೇಗೆ ತಿನ್ನಲಿ ಹೇಳು? "ನನ್ನ ಮಗಳಿಗೋಸ್ಕರ ನೀನು ಎಷ್ಟು ಹೋರಾಡಿದೆ ಅಂತ ದೇವರಿಗೇ ಗೊತ್ತು" ಎಂದು ಬರೆದಿದ್ದೀಯ. ದೇವರಿಗೆ ಗೊತ್ತು ಕಣೇ, ನಿನಗೆ ಗೊತ್ತಿಲ್ಲ. ಉಳಿದ ಚಿಪ್ಪುಗಳನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ, ಕೋಪ ಮಾಡಿಕೊಳ್ಳಬೇಡ.

ನಿನ್ನ ರೇಲಿನ್ ಪಾಠದ ಪರೀಕ್ಷೆಯಲ್ಲಿ ಮೂರನೇ ಸಲವೂ ಫೇಲಾದಳು ಎಂದು ನಿನಗೆ ಫೋನಿನಲ್ಲಿ ಹೇಳಿದೆನಲ್ಲ, ಆಗ ಏನೆಂದೆ? "ಎಲ್ಲಾ ಆ ಯಂತ್ರದ್ದೇ ಕಣೇ, ನನ್ನ ಕೈಲಿ ಏನೂ ಇರ್ಲಿಲ್ಲ" ಎಂದೆ. ನೀನು ಅತ್ತೆ, ನಾನೂ ಅತ್ತೆ. ನನ್ನ ಅಳು ಸುಳ್ಳಲ್ಲ. ಮಾತು ಮಾತ್ರ ಸುಳ್ಳು.

ಯಂತ್ರ ಎಂದರೆ ದೊಡ್ಡದೇನಲ್ಲ ಮಾರಾಯ್ತಿ. ಅಂಗೈ ಅಗಲದ ಟ್ಯಾಬು, ಅದಕ್ಕೊಂದು ಮೈಕು. ಇಂಗ್ಲಿಷ್ ಟೀಚರ್ ಆಗಲು ಬಂದ ಹುಡುಗಿಯರು ಶಾಲೆಗೆ ಹೋಗಿ ಪಾಠ ಮಾಡುವಾಗ ಅದನ್ನು ಹಿಂದಿನ ಬೆಂಚಿನ ಮೇಲೆ, ಪಾಠ ನೋಡಿ ಅಂಕ ಹಾಕುವ ನನ್ನ ಪಕ್ಕದಲ್ಲಿ, ಇಡಬೇಕು. ಟೀಚರ್ ಎಷ್ಟು ಮಾತಾಡಿದಳು, ಮಕ್ಕಳು ಎಷ್ಟು, ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾದಳು ಎಂದೆಲ್ಲ ಲೆಕ್ಕ ಹಾಕಿ ಅಂಕ ಕೊಡುತ್ತದೆ. ನಾವು ಮೇಷ್ಟ್ರುಗಳು ಅದಕ್ಕೆ ಪಾದ್ರಿ ಎಂದು ಹೆಸರಿಟ್ಟಿದ್ದೇವೆ. ಎಲ್ಲ ಕೇಳಿಸಿಕೊಳ್ಳುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ, ಕೊನೆಗೆ ಪ್ರಾಯಶ್ಚಿತ್ತ ವಿಧಿಸುತ್ತದೆ. ಮೊದಲ ತಿಂಗಳು ಹೀಗೆಲ್ಲ ತಮಾಷೆ ಮಾಡಿ ನಕ್ಕೆವು.

ನಮ್ಮ ಮಕ್ಕಳು ಹೌದು ಎನ್ನುವುದು ಬಾಯಿಂದಲ್ಲ, ಹುಬ್ಬಿನಿಂದ. ಚಕ್ಕನೆ ಒಂದು ಸಲ ಮೇಲೆತ್ತಿದರೆ ಹೌದು, ಅಲ್ಲಿಗೆ ಮುಗಿಯಿತು. ನೀನೂ ಹಾಗೇ, ನಾನೂ ಹಾಗೇ, ನಿನ್ನ ಗಂಡ ಮದುವೆಗೆ ಒಪ್ಪಿದ್ದೂ ಹಾಗೇ. ಆ ಪಾದ್ರಿಗೆ ಅದು ಮೌನ. "ಮಕ್ಕಳಿಂದ ಪ್ರತಿಕ್ರಿಯೆ ಇಲ್ಲ" ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ.

ಮೊದಲೆರಡು ಸಲ, ಬೇರೆಯವರು ಪಾಠ ನೋಡಿದಾಗ, ನಿನ್ನ ಮಗಳು ಬಿದ್ದದ್ದು ಹೀಗೇ. ಆಮೇಲೆ ಅವಳನ್ನು ಮನೆಗೆ ಕರೆದು, ಅನ್ನ, ಒಣಮೀನು ಬಡಿಸಿ ಬುದ್ಧಿ ಹೇಳಿದೆ. "ಒಬ್ಬೊಬ್ರನ್ನೂ ಎಬ್ಬಿಸಿ ನಿಲ್ಸಿ ಯೆಸ್ ಮ್ಯಾಮ್ ಅಂತ ಕೂಗಿಸೇ. ನಲವತ್ತು ನಿಮಿಷ ಕೂಗಿಸು, ಪಾಸಾಗು, ಆಮೇಲೆ ನಿನ್ನಿಷ್ಟ ಬಂದ ಹಾಗೆ ಕಲಿಸ್ಕೋ" ಎಂದೆ. ಅವಳು ಮೀನಿನ ಮುಳ್ಳು ಬಿಡಿಸುತ್ತಾ ಏನೆಂದಳು ಗೊತ್ತೇ? "ನಿನಾಂಗ್, ಹುಬ್ಬು ಎತ್ತಿ ಹೌದು ಅಂದೋರ್ನ ಮತ್ತೆ ಬಾಯಿ ಬಿಡು ಅಂದ್ರೆ, ನಮ್ ಟೀಚರ್‌ಗೆ ಕಣ್ಣಿಲ್ಲ ಅನ್ಕೊಳಲ್ವಾ ಮಕ್ಳು?" ಚರ್ಚಿನಲ್ಲಿ ಎತ್ತಿಕೊಂಡು ನಾನೇ ಧರ್ಮತಾಯಿಯಾಗಿ ನಿನಾಂಗ್ ಅನ್ನಿಸಿಕೊಂಡ ಕೂಸು, ನನಗೇ ಪಾಠ ಹೇಳುತ್ತಿದೆ. "ಕೊಬ್ಬು ಜಾಸ್ತಿ ನಿಂಗೆ, ನಿಮ್ಮಮ್ಮನ ಥರಾನೇ" ಎಂದು ಬೈದೆ. ಒಳಗೊಳಗೇ ಹಿಗ್ಗಿದೆ.

ಮೂರನೇ ಪಾಠ ಬಂದರಿನ ಶಾಲೆಯ ಐದನೇ ತರಗತಿಗೆ. ಮೆನ್ಯಾ, ಮೂವತ್ತೊಂದು ವರ್ಷದಿಂದ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ಬೆಳಗ್ಗೆ ಏನು ತಿಂದಿರಿ, ನಿನ್ನೆ ಈಜಿದಿರಾ, ಮನೆಯಲ್ಲಿ ಯಾರಾದರೂ ಬೈದರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಸಾಲುಗಳ ನಡುವೆ ಓಡಾಡಿದಳು. ಕೋಣೆಯ ತುಂಬ ಹುಬ್ಬುಗಳು ಮೇಲೆ ಹೋಗುತ್ತವೆ, ಕೆಳಗೆ ಬರುತ್ತವೆ, ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಅವಳು ಒಂದು ಹುಬ್ಬನ್ನೂ ಬಿಡದೆ ನೋಡಿ, ಅವರ ಉತ್ತರವನ್ನು ಪೂರ್ತಿ ವಾಕ್ಯ ಮಾಡಿ ಅವರಿಗೇ ವಾಪಸು ಕೊಡುತ್ತಿದ್ದಳು. ಅಪ್ಪ ಇವತ್ತು ಸಮುದ್ರಕ್ಕೆ ಹೋದರಾ ಎಂದು ಕೇಳಿದಾಗ ಕಿಟಕಿ ಪಕ್ಕದ ಹುಡುಗಿಯ ಹುಬ್ಬು ಏಳಲಿಲ್ಲ. ತಲೆ ತಗ್ಗಿತು. ಕಳೆದ ಡಿಸೆಂಬರಿನ ಚಂಡಮಾರುತದಲ್ಲಿ ಹೋದ ಅವಳ ಅಪ್ಪ ಇನ್ನೂ ವಾಪಸು ಬಂದಿಲ್ಲ. ರೇಲಿನ್ ಒಂದು ಕ್ಷಣವೂ ನಿಲ್ಲದೆ ಮುಂದಿನ ಪ್ರಶ್ನೆಗೆ ಹೋದಳು, ಹೋಗುತ್ತಾ ಆ ಹುಡುಗಿಯ ಡೆಸ್ಕಿನ ಮೇಲೆ ಅಂಗೈ ಊರಿ ಹೋದಳು. ಕೊನೆಗೆ ಇಬ್ಬಿಬ್ಬರನ್ನು ಜೋಡಿ ಮಾಡಿ, ಕಿವಿಯಲ್ಲಿ ಪಿಸುಗುಟ್ಟಿ ಪ್ರಶ್ನೆ ಕೇಳಿ, ಪಿಸುಗುಟ್ಟಿಯೇ ಉತ್ತರ ಹೇಳಿಸಿದಳು. ನಾಚಿಕೆಯ ಮಕ್ಕಳ ಬಾಯಿ ಹೀಗೆ ತೆರೆಸಬೇಕು ಎಂದು ಹೇಳಿಕೊಟ್ಟವಳು ನಾನೇ. ಕಿಟಕಿಯ ಹುಡುಗಿ ಕೂಡ ಇಂಗ್ಲಿಷಿನಲ್ಲಿ ಮಾತಾಡಿದಳು, ನಾನು ಕಣ್ಣಾರೆ ಕಂಡೆ.

ಕಾಗದದ ಮೇಲೆ ತೊಂಬತ್ತೊಂದು ಬರೆದೆ. ಪಾದ್ರಿ ಐವತ್ತೆಂಟು ಕೊಟ್ಟಿತು. ಮಕ್ಕಳ ಮಾತು ನೂರಕ್ಕೆ ನಾಲ್ಕು ಭಾಗ. ಉತ್ತರಕ್ಕೆ ಕಾಯುವುದಿಲ್ಲ. ಮಗು ಉತ್ತರಿಸದಿದ್ದರೂ ಗಮನಿಸದೆ ಮುಂದೆ ಹೋಗುತ್ತಾಳೆ.

ಇಲ್ಲಿಯವರೆಗಿನದು ನಿನಗೆ ಅಷ್ಟಿಷ್ಟು ಗೊತ್ತು. ಮುಂದಿನದನ್ನು ಹೇಳಲಿಲ್ಲ. ನನ್ನ ಅಂಕಕ್ಕೂ ಯಂತ್ರದ ಅಂಕಕ್ಕೂ ಬಹಳ ಅಂತರ ಬಂದರೆ ಪರದೆಯ ಮೇಲೆ ಒಂದು ಪ್ರಶ್ನೆ ಏಳುತ್ತದೆ: ನಿಮ್ಮ ಅಂಕವನ್ನು ಮರುಪರಿಶೀಲಿಸುವಿರಾ? ಇಲ್ಲ ಎಂದು ಒತ್ತಿದರೆ ನನ್ನ ಅಂಕವೇ ನಿಲ್ಲುತ್ತದೆ. ಹೌದು ಮೆನ್ಯಾ, ನನ್ನದೇ ನಿಲ್ಲುತ್ತದೆ. ಆದರೆ ವರ್ಷದಲ್ಲಿ ಮೂರು ಸಲ ಹೀಗೆ ಅಂತರ ಉಳಿದರೆ ಆ ಮೇಷ್ಟ್ರ ಅಳತೆ ಸರಿಯಿಲ್ಲ ಎಂದು ಲೆಕ್ಕ, ಪಾಠ ನೋಡುವ ಕೆಲಸದಿಂದ ಕಿತ್ತುಹಾಕುತ್ತಾರೆ. ಬೇರೆ ಹುಡುಗಿಯರ ಪಾಠಗಳಿಂದ ನನ್ನ ಹೆಸರಿನ ಮುಂದೆ ಆಗಲೇ ಎರಡು ಬಿದ್ದಿದ್ದವು. ನಮ್ಮ ಜೊತೆ ಓದಿದ ಬೆಬಿಂಗ್‌ಗೆ ಮೂರಾಯಿತು. ಈಗ ಲೈಬ್ರರಿಯಲ್ಲಿ ಕೂತು ಪುಸ್ತಕಗಳಿಗೆ ಮೊಹರು ಒತ್ತುತ್ತಾಳೆ, ಅವಳೇ ತಯಾರು ಮಾಡಿದ ಹುಡುಗಿಯರು ಬಂದು "ಮ್ಯಾಮ್, ಇಲ್ಲೇನ್ ಮಾಡ್ತಿದೀರಾ?" ಎಂದು ಕೇಳುತ್ತಾರೆ. ನನಗೆ ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳು. ಆ ಹದಿನಾಲ್ಕು ತಿಂಗಳು ನನ್ನನ್ನು ಯಾರೂ ಹಾಗೆ ಕೇಳಬಾರದು ಎನ್ನಿಸಿತು.

ಹೌದು ಎಂದು ಒತ್ತಿದೆ. ತೊಂಬತ್ತೊಂದನ್ನು ಅಳಿಸಿ ಅರವತ್ತೊಂದು ಮಾಡಿದೆ. ಎಪ್ಪತ್ತೈದು ಬಂದಿದ್ದರೆ ಪಾಸಾಗುತ್ತಿದ್ದಳು. ಆಗ ಅವಳು ಹೊರಗೆ ಮಕ್ಕಳ ಜೊತೆ ಅಂಗಳ ಗುಡಿಸಲು ಪೊರಕೆ ಹಿಡಿದು ನಿಂತಿದ್ದಳು, ನನ್ನನ್ನು ನೋಡಿ ನಕ್ಕಳು.

ಇನ್ನು ನೀನು ನನ್ನನ್ನು ಏನು ಬೇಕಾದರೂ ಅನ್ನು. ನೀನು ಓದು ಬಿಟ್ಟು ಮೀನು ಒಣಗಿಸಲು ಕೂತ ದಿನ, ನಿನ್ನ ಮಗಳನ್ನಾದರೂ ನಾನು ಟೀಚರ್ ಮಾಡುತ್ತೇನೆ ಎಂದು ಮಾತು ಕೊಟ್ಟವಳು ನಾನು. ನಾಲ್ಕು ವರ್ಷ ಓದಿದ್ದಾಳೆ. ಮೂರು ಸಲ ಬಿದ್ದವಳಿಗೆ ಮತ್ತೆ ಅವಕಾಶವಿಲ್ಲ, ನಾಲ್ಕು ವರ್ಷವೂ ನೀರುಪಾಲು. ಹೊಟ್ಟೆಯ ಮಗಳಾಗಿದ್ದರೆ ಹೀಗೆ ಮಾಡುತ್ತಿದ್ದೆನೇ ಎಂದು ನೀನು ಕೇಳುತ್ತೀಯ. ಗೊತ್ತಿಲ್ಲ ಮೆನ್ಯಾ. ಮಾಡುತ್ತಿದ್ದೆನೇನೋ ಎಂದು ಹೆದರಿಕೆಯಾಗುತ್ತದೆ.

ಒಂದೇ ಒಂದು ದಾರಿಯಿದೆ. ಫಲಿತಾಂಶ ಬಂದ ಹದಿನೈದು ದಿನದೊಳಗೆ, ಮೊದಲು ಕೊಟ್ಟ ಅಂಕವೇ ಸರಿ, ಬದಲಿಸಿದ್ದು ತಪ್ಪು ಎಂದು ಪಾಠ ನೋಡಿದವರು ಒಂದು ಸಾಲು ಬರೆದು ಸಹಿ ಹಾಕಿ ಡೀನ್‌ಗೆ ಕೊಟ್ಟರೆ ಪರಿಗಣಿಸುತ್ತಾರೆ. ಈ ಶುಕ್ರವಾರ ಸಂಜೆ ಐದಕ್ಕೆ ಕೊನೆ. ನಾಳೆ ಬೆಳಗ್ಗೆಯೇ ಹೋಗುತ್ತೇನೆ. ಲೈಬ್ರರಿಗೆ ಹಾಕಿದರೆ ಹಾಕಲಿ, ಬೆಬಿಂಗ್‌ಗೆ ಮಾತಿಗೊಬ್ಬಳು ಸಿಕ್ಕ ಹಾಗಾಯಿತು. ಮೊದಲು ನಿನಗೆ ಹೇಳಿಬಿಟ್ಟರೆ ನಾಳೆ ಹಿಂದೆ ಸರಿಯಲಾರೆ ಎಂದೇ ಈ ಕಾಗದ ಬರೆಯಲು ಕೂತೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ಎಂದೆಂದಿಗೂ ನಿನ್ನವಳೇ ಆದ,
ಸಾಲಿಂಗ್

ಮತ್ತೆ ಬರೆದದ್ದು: ಇವತ್ತು ಭಾನುವಾರ. ಕಾಗದ ಇಲ್ಲೇ ಇತ್ತು. ಬುಧವಾರ ಹೋದೆ, ಡೀನ್ ಯಾರ ಜೊತೆಯೋ ಮಾತಾಡುತ್ತಿದ್ದರು, ವಾಪಸು ಬಂದೆ. ಗುರುವಾರ ತಲೆನೋವು ಎಂದು ಮನೆಯಲ್ಲೇ ಮಲಗಿದೆ. ತಲೆ ನೋಯುತ್ತಿರಲಿಲ್ಲ. ಶುಕ್ರವಾರ ಸಾಲು ಬರೆದು, ಸಹಿ ಹಾಕಿ, ಐದಕ್ಕೆ ಐದು ನಿಮಿಷವಿರುವಾಗ ಆಫೀಸಿನ ಬಾಗಿಲಿಗೆ ಹೋದೆ. ಅಲ್ಲಿಯ ಗುಮಾಸ್ತೆ "ಏನಾದ್ರೂ ಕೊಡೋದಿತ್ತಾ ಮ್ಯಾಮ್? ಬಾಗಿಲು ಹಾಕ್ತೀನಿ" ಎಂದಳು. "ಇಲ್ಲಮ್ಮ, ಸುಮ್ನೆ ಬಂದೆ" ಎಂದೆ. ರೇಲಿನ್ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಹತ್ತು ಗಂಟೆಯ ದೋಣಿಗೆ ನಿನ್ನ ಹತ್ತಿರ ಬಂದು, ಮುಂದಿನ ವಾರ ಸೆಬು ನಗರಕ್ಕೆ ಹೋಗುತ್ತಾಳಂತೆ, ಬೇಕರಿಯಲ್ಲಿ ಕೆಲಸವಂತೆ. ನನಗೆ ಹೇಳಿ ಹೋಗಲು ಬಂದವಳು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು, ದೇವರು ಒಳ್ಳೆಯದು ಮಾಡಲಿ ಎಂದು ಹರಸಿದೆ. "ಅಮ್ಮಂಗೆ ಕಾಗದ ಬರ್ದಿದ್ರೆ ಕೊಡಿ ನಿನಾಂಗ್, ನಾನೇ ತಗೊಂಡ್ ಹೋಗ್ತೀನಿ" ಎಂದಳು. ಎರಡು ಸಾಲು ಬಾಕಿಯಿದೆ, ಇರು ಎಂದಿದ್ದೇನೆ. ಲಕೋಟೆಗೆ ಗೋಂದು ದಪ್ಪವಾಗಿ ಹಚ್ಚುತ್ತೇನೆ, ದಾರಿಯಲ್ಲಿ ತೆರೆಯಬಾರದು. ಅವಳು ಅಡುಗೆಮನೆಯಲ್ಲಿ ನನ್ನ ಪಾತ್ರೆ ತೊಳೆಯುತ್ತಿದ್ದಾಳೆ. ಬೇಡ ಎಂದೆ, ಕೇಳಲಿಲ್ಲ.