ನದಿ ದಾಟದ ಮಗು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಗಂಟಲು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯ ತಾನೆ? ನಾನು ಕ್ಷೇಮ ಎಂದು ಬರೆಯಬೇಕು, ಆದರೆ ನಿನ್ನೆಯಿಂದ ನನಗೆ ತಲೆಬುಡ ಒಂದೂ ತಿಳಿಯುತ್ತಿಲ್ಲ.

ಈ ವರ್ಷ ನಿನ್ನ ಬದಲು ನಾನೇ ನಮ್ಮ ಸಂಘದ ಕೋಣೆಯಲ್ಲಿ ನಮ್ಮವರ ಕಥೆ ಹೇಳಿದೆ. ಹಳೆಯ ಊರಿನಿಂದ ನಮ್ಮ ಜನರನ್ನು ಅಟ್ಟಿದ್ದು, ಚಳಿಯಲ್ಲಿ ನಡೆದದ್ದು, ನದಿ ದಂಡೆಯ ಮನೆಗಳಲ್ಲಿ ಒಬ್ಬರೂ ಬಾಗಿಲು ತೆರೆಯದೆ ಅಜ್ಜಿಯ ಚೊಚ್ಚಲ ಮಗು ಸತ್ತದ್ದು. ಕಲ್ಲುಗಳ ಕೆಳಗೆ ಮಲಗಿಸಿದರು ಎನ್ನುವಲ್ಲಿ, ನೀನು ಹೇಳಿಕೊಟ್ಟ ಹಾಗೆ, ಸ್ವಲ್ಪ ನಿಲ್ಲಿಸಿದೆ. ಎಲ್ಲರೂ ಅತ್ತರು. ಪಿಟೀಲು ಮಾಸ್ತರಂತೂ ಒಂದು ಸಾಲು ಮೊದಲೇ ಅಳಲು ಶುರು ಮಾಡಿದರು. ನಗಬೇಡ. ನಮ್ಮ ಭಾಷೆ ನಿನ್ನ ತಲೆಮಾರಿಗೇ ಮುಗಿಯಿತು. ಬೆರಳೆಣಿಕೆಯ ನಮ್ಮ ಮನೆಗಳವರನ್ನು ಒಂದು ಕೋಣೆಗೆ ಕರೆತರುವುದು ಈಗ ಆ ಮಗು ಒಂದೇ.

ಕುರ್ಚಿ ಮಡಚಿಡುವಾಗ ಹಿಂದಿನ ಸಾಲಿನ ಮುದುಕಿಯೊಬ್ಬರು ಹತ್ತಿರ ಬಂದರು. ನಿನ್ನದೇ ಗಲ್ಲ. ನಿನ್ನ ಹಾಗೆಯೇ ಮಾತಿಗೆ ಮೊದಲು ಕನ್ನಡಕ ಒರೆಸಿಕೊಂಡರು. ಚೆನ್ನಾಗಿ ಹೇಳ್ದೆ ಮಗಳೇ, ಆದ್ರೆ ಮುಂದಿನ ವರ್ಷ ನನ್ನ ಸಾಯಿಸ್ಬೇಡ, ಅಂದರು. ನಾನು ಕಕ್ಕಾಬಿಕ್ಕಿಯಾಗಿ ನಕ್ಕುಬಿಟ್ಟೆ. ಅವರು ನಗಲಿಲ್ಲ.

ನದಿ ದಂಡೆಯ ಆ ಮನೆಗಳಲ್ಲೊಂದರಲ್ಲಿ ದೋಣಿಯವನ ಹೆಂಡತಿ ಬಾಗಿಲು ತೆರೆದಳಂತೆ. ನಮ್ಮನ್ನು ಅಟ್ಟಿದವರ ಪೈಕಿಯೇ ಅವಳು. ಮಗು ದಾರಿಯಲ್ಲಿ ಉಳಿಯುವುದಿಲ್ಲವೆಂದು ಅಜ್ಜಿಯೇ ಅವಳ ಮಡಿಲಿಗೆ ಹಾಕಿ, ಹಿಂತಿರುಗಿ ನೋಡದೆ ನದಿ ದಾಟಿದರಂತೆ. ಆ ಮಗುವೇ ಇವರು; ಆ ಮನೆಯಲ್ಲೇ ಬೆಳೆದು, ನರ್ಸಾಗಿ, ಈಗ ನಿವೃತ್ತರಾಗಿದ್ದಾರೆ. ಮತ್ತೆ ನೀವೂ ಅತ್ತಿರಲ್ಲ ಎಂದು ಕೇಳಿದೆ. ಪಾಪ ಅನ್ನಿಸ್ತು, ಅಷ್ಟು ಚಿಕ್ಕ ಮಗು, ಅಂದರು.

ಅಮ್ಮಾ, ನಿನಗೊಬ್ಬ ಅಕ್ಕ ಇದ್ದಾರಾ? ನಾನು ಸಂತೋಷಪಡಲೋ ಬೇಡವೋ? ದೊಡ್ಡಮ್ಮ ಎಂದು ಕರೆಯಲು ಹೋಗಿ ಮೇಡಂ ಅಂದುಬಿಟ್ಟೆ.

ಸಂಘದ ಅಧ್ಯಕ್ಷ ಮಾವನಿಗೆ ಹೇಳಿದರೆ ಅವರ ಮುಖ ಸಣ್ಣದಾಯಿತು. ನಿನ್ನೆಯ ರೆಕಾರ್ಡಿಂಗ್ ಶುಕ್ರವಾರ ಶಾಲೆಗಳಿಗೆ ಹೋಗುತ್ತದೆ. ಬಾಗಿಲು ತೆರೆದವಳು ಒಬ್ಬಳಿದ್ಲು ಅಂದ್ರೆ ಎಲ್ಲರೂ ಅವಳ ಕಥೆಯನ್ನೇ ಕೇಳ್ತಾರೆ, ನಮ್ಮದನ್ನ ಯಾರು ಕೇಳ್ತಾರಮ್ಮ, ಅಂದರು. ಮಾವ ಕೆಟ್ಟವರಲ್ಲ, ಅವರ ಅಪ್ಪ ನಿಜವಾಗಿಯೂ ಆ ದಾರಿಯಲ್ಲೇ ಸತ್ತವರು. ಅವರ ಮಾತು ಕೇಳಿದಾಗ ಹೌದೆನಿಸುತ್ತದೆ. ಆ ಮುದುಕಿಯ ಗಲ್ಲ ನೆನಪಾದರೆ ಅದೂ ಹೌದೆನಿಸುತ್ತದೆ. ಕಥೆಯನ್ನು ತಿದ್ದಿ ಹೇಳುವೆಯೋ, ಹಾಗೇ ಬಿಡುವೆಯೋ ಎಂದು ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ. ನನಗೆ ಭಯವಾಗುತ್ತಿದೆ ಅಮ್ಮಾ. ಸುಳ್ಳು ಹೇಳಲು ಭಯ, ನಿಜ ಹೇಳಿ ಆ ಕೋಣೆ ಖಾಲಿ ಮಾಡಲೂ ಭಯ.

ಅಜ್ಜಿ ನಿನಗೆ ಏನು ಹೇಳಿದ್ದರು? ಶುಕ್ರವಾರದೊಳಗೆ ತಿಳಿಸು. ನಿನಗೇನೂ ಗೊತ್ತಿಲ್ಲವೆಂದರೆ ಹಾಗೆಂದೇ ಬರೆ, ನಂಬುತ್ತೇನೆ.

ತಲೆಕೆಟ್ಟು ಕೂತಿರುವ
ನಿನ್ನ ಮಗಳು

ತಾ.ಕ.: ಹೊರಡುವಾಗ ಆ ಮುದುಕಿ ನಿನಗೆ ಕೊಡೆಂದು ತಾವೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟರು. ಈಗಷ್ಟೇ ಪೊಟ್ಟಣ ಬಿಚ್ಚಿದೆ. ಒಂದು ಇನ್ನೊಂದಕ್ಕಿಂತ ಬೆರಳಷ್ಟು ಚಿಕ್ಕದು, ಸರಿಯಾಗಿ ನಿನ್ನ ಎಡಗಾಲಿನ ಅಳತೆ. ನಿನ್ನ ಎಡಗಾಲು ಚಿಕ್ಕದೆಂದು ನಾನು ಅವರಿಗೆ ಹೇಳಿರಲಿಲ್ಲ. ಅಮ್ಮಾ, ಇದು ಎಷ್ಟನೆಯ ಜೊತೆ?